ಟೇಪಿನ ಆಚೆ ತುದಿ

"ಆ ಕಂದಕದ ನೀರಿನ ಮೇಲೆ ಹಗ್ಗ ಮಾತ್ರ ಎಳೀಬೇಡಿ ಸಾರ್. ದಾರನೂ ಬೇಡ, ತಂತಿನೂ ಬೇಡ, ನಿಮ್ಮ ಅಳತೆ ಟೇಪೂ ಬೇಡ."

ಬೇಕನ್ ತಟ್ಟೆಯನ್ನು ಅವನ ಮುಂದಿಡುತ್ತ ನಾನು ಹೇಳಿದ್ದು ಇಷ್ಟೇ. ಡೆನ್ಝಿಲ್ ಕ್ರೇಕ್ ನಕ್ಕ ರಭಸಕ್ಕೆ ಬಾಯಲ್ಲಿದ್ದ ಚಹಾ ಆಗಷ್ಟೇ ಒಗೆದು ಹಾಸಿದ್ದ ಮೇಜುಬಟ್ಟೆಯ ಮೇಲೆಲ್ಲ ಸಿಡಿಯಿತು.

"ಯಾಕೆ ಮಿಸೆಸ್ ಬೊರೆಟ್, ಮೀನುಗಳಿಗೆ ಕಚಗುಳಿ ಆಗುತ್ತಾ?"

ಹೆಲ್ಮಿಂಗ್‌ಫೀಲ್ಡಿಗೆ ಬಂದ ಪರಸ್ಥಳದವರಿಗೆ ಉಳಿಯಲು ಇರುವುದು ನನ್ನ ಮನೆಯ ಮಹಡಿ ಕೋಣೆ ಒಂದೇ. ಹಾಗಾಗಿ ಇಂಥ ನಗುವನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಬಟ್ಟೆ ಒರೆಸಿದೆ. ಆ ವರ್ಷ ನಮ್ಮ ಸಫಕ್ ಸೀಮೆಯಲ್ಲಿ ಹಳೆಯ ದೊಡ್ಡಮನೆಗಳ ಕಂದಕಗಳನ್ನೆಲ್ಲ ಮಣ್ಣು ಹಾಕಿ ಮುಚ್ಚಿ ಬೀಟ್‌ಗೆಡ್ಡೆ ಬೆಳೆಯುವ ಹುಚ್ಚು ಹಿಡಿದಿತ್ತು. ಮುಚ್ಚಿ ಉಳುವವರಿಗೆ ಸರ್ಕಾರದ ಒಂದು ಕಚೇರಿ ಸಹಾಯ ಮಾಡುತ್ತಿತ್ತು. ಮುಚ್ಚುವ ಮೊದಲು ನಕ್ಷೆ ಬರೆದು ಉಳಿಸಿಕೊಳ್ಳಿ ಎಂದು ಇನ್ನೊಂದು ಕಚೇರಿ ಇವನನ್ನು ಕಳಿಸಿತ್ತು. ಬೇರೆ ಊರಿನ ಹನ್ನೊಂದು ಕಂದಕ ಅಳೆದು ಮುಗಿಸಿದ್ದನಂತೆ. ನಮ್ಮದು ಹನ್ನೆರಡನೆಯದು.

ಅವನ ಹೆಂಡತಿ ಮ್ಯೂರಿಯಲ್ ಮಾತ್ರ ನಗಲಿಲ್ಲ. ಮದುವೆಯಾಗಿ ಎಂಟು ತಿಂಗಳಾಗಿತ್ತು. ಕಪ್ಪು ಕೂದಲಿನ, ಮೆದು ಮಾತಿನ ಹುಡುಗಿ. ನನ್ನ ಅಡುಗೆಮನೆಗೆ ಬರುವಾಗಲೂ ಬಾಗಿಲನ್ನು ಮೆಲ್ಲಗೆ ಎರಡು ಸಲ ತಟ್ಟಿಯೇ ಬರುತ್ತಿದ್ದಳು. ನನಗೆ ಮಕ್ಕಳಿಲ್ಲ. ಬಂದ ಎರಡೇ ದಿನಕ್ಕೆ ಅವಳು ನನ್ನನ್ನು ಹಚ್ಚಿಕೊಂಡಿದ್ದಳು.

"ಯಾಕೆ ಎಳೀಬಾರದು, ಹೇಳಿ," ಎಂದಳು.

ಹೇಳಿದೆ. ಊರಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ದನಿ ಎತ್ತಿ ಹೇಳದ ಸಂಗತಿ ಅದು. ಮಾಟಗಾತಿಯರೆಂದು ಹೆಂಗಸರನ್ನು ಹಿಡಿದು ನೀರಿಗೆ ಹಾಕುತ್ತಿದ್ದ ಕಾಲದಲ್ಲಿ, ನವೆಂಬರ್ ಹನ್ನೊಂದನೇ ತಾರೀಕು, ಸಿಸ್ಲಿ ಫಿಂಚಮ್ ಎಂಬವಳನ್ನು ದೊಡ್ಡಮನೆಯ ಕಂದಕಕ್ಕೆ ತಂದರು. ಬಲಗೈ ಹೆಬ್ಬೆರಳನ್ನು ಎಡಗಾಲಿನ ಹೆಬ್ಬೆರಳಿಗೆ, ಎಡಗೈಯದನ್ನು ಬಲಗಾಲಿಗೆ ಕಟ್ಟಿದರು. ಸೊಂಟಕ್ಕೆ ಹಗ್ಗ. ಆ ಹಗ್ಗದ ಒಂದು ತುದಿ ಈಚೆ ದಡದಲ್ಲಿ ದೊಡ್ಡಮನೆಯ ಕಾರಭಾರಿಯ ಕೈಯಲ್ಲಿ, ಇನ್ನೊಂದು ತುದಿ ಆಚೆ ದಡದಲ್ಲಿ ಅವಳ ಸ್ವಂತ ಅಣ್ಣನ ಕೈಯಲ್ಲಿ. ಮೂರು ಸಲ ಮುಳುಗಿಸಬೇಕು. ತೇಲಿದರೆ ಮಾಟಗಾತಿ. ಮುಳುಗಿದರೆ ನಿರಪರಾಧಿ, ಕೂಡಲೇ ಎಳೆದುಕೊಳ್ಳಬೇಕು. ಸಿಸ್ಲಿ ಮೂರು ಸಲವೂ ಮುಳುಗಿದಳು. ಮೂರನೆಯ ಸಲ ಕೆಳಗಿನಿಂದ ಹಗ್ಗ ಜಗ್ಗಿತು. ಉಸಿರಿಗೆ ಒದ್ದಾಡುತ್ತಿದ್ದಳು, ಇನ್ನೇನು. ಜನರ ನಡುವಿನಿಂದ ಯಾರೋ, "ನೋಡ್ರೋ, ಸೈತಾನನ ಬಲ ಬಂದಿದೆ ಅವಳಿಗೆ!" ಎಂದು ಕೂಗಿದರು. ಅಣ್ಣನಿಗೆ ಒಂದು ಗಳಿಗೆ ಅನುಮಾನ ಬಂತು. ಹಗ್ಗ ಬಿಟ್ಟುಬಿಟ್ಟ. ಕಾರಭಾರಿ ಎಳೆದುಕೊಂಡಾಗ ಬಂದದ್ದು ಬರಿಯ ಹಗ್ಗ; ಸಿಸ್ಲಿಯ ಹೆಣ ಕೂಡ ಸಿಗಲಿಲ್ಲ.

"ಅವಳು ಮಾಟಗಾತಿ ಅಲ್ಲ," ಎಂದೆ ನಾನು. "ಆದ್ರೆ ಅವಳಮ್ಮ ಅವತ್ತಿಂದ ಆದಳು. ಆ ಹಗ್ಗ ತಂದು, ಮಗಳ ಬಾಚಣಿಗೆಲಿ ಉಳಿದಿದ್ದ ಕೆಂಚು ಕೂದಲು ಸೇರಿಸಿ ಮೂರು ಗಂಟು ಹಾಕಿ, ಮೊಳೆ ಚುಚ್ಚಿ, ತನ್ನ ರಕ್ತ ಹುಯ್ದು, ಮಣ್ಣಿನ ಜಾಡಿಲಿ ಮುಚ್ಚಿ ಅದೇ ನೀರಲ್ಲಿ ಹೂತಳು. ಈ ನೀರಿನ ಮೇಲೆ ಹಗ್ಗ ಹಿಡಿದು ಬಿಟ್ಟವನ ಆಚೆ ತುದಿ ನನ್ನ ಮಗಳದು ಅಂತ ಹೇಳಿ ಹೂತಳು."

"ಅದಕ್ಕೇ ಇಲ್ಲಿ ಗಾಳ ಹಾಕಲ್ವಾ?" ಎಂದಳು ಮ್ಯೂರಿಯಲ್. "ನಿನ್ನೆ ನೋಡಿದೆ, ಹಾವುಮೀನನ್ನೆಲ್ಲ ಬುಟ್ಟಿಲಿ ಹಿಡೀತಾರೆ."

"ಹಸು ಬಿದ್ರೂ ಹಗ್ಗ ಎಸೆಯಲ್ಲ ಮಗಳೇ. ಹಲಗೆ ಹಾಕ್ತೀವಿ. ಬಂದ್ರೆ ಬಂತು, ಇಲ್ದಿದ್ರೆ ಇಲ್ಲ."

ಡೆನ್ಝಿಲ್ ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿ ಬಾಯಿಗೆ ಹಾಕಿಕೊಂಡ. ಅವನ ಕಣ್ಣು ಸಣ್ಣದಾಗಿತ್ತು. "ಕೆರಿಡ್ಜ್ ಚೆನ್ನಾಗಿ ಕಲಿಸಿಕೊಟ್ಟಿದ್ದಾನೆ ನಿಮಗೆ," ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ವಾಲ್ಟರ್ ಕೆರಿಡ್ಜ್ ಆ ಕಂದಕವಿರುವ ಹೊಲದ ಯಜಮಾನ. ನನಗೆ ಕತೆ ಹೇಳಿಕೊಡುವಷ್ಟು ಮಾತು ಅವನ ಬಾಯಲ್ಲಿ ಇಡೀ ವರ್ಷಕ್ಕೂ ಹೊರಡುವುದಿಲ್ಲ.

ಆದರೆ ಡೆನ್ಝಿಲ್‌ನ ತಲೆಯೊಳಗೆ ಆಗಲೇ ಹುಳು ಹೊಕ್ಕಿತ್ತು. ಕೆರಿಡ್ಜ್‌ನ ಕೊಟ್ಟಿಗೆಯ ಹಿಂದೆ ಮಣ್ಣು ಅಗೆಯುವ ಹಳದಿ ಯಂತ್ರ ನಿಂತಿದ್ದನ್ನು ಅವನು ಕಂಡಿದ್ದ. ನಕ್ಷೆ ನೋಡಿದ ಕಚೇರಿ ಮುಚ್ಚಬೇಡ ಎಂದೀತು; ನಕ್ಷೆಯೇ ಆಗದಿದ್ದರೆ ಕೇಳುವವರಿಲ್ಲದೆ ಕಂದಕ ಮುಚ್ಚಬಹುದು. ಅದಕ್ಕೇ ಈ ದೆವ್ವದ ಆಟ ಎಂದು ಅವನ ಲೆಕ್ಕಾಚಾರ. ಬೆಳಿಗ್ಗೆ ಹೊಲಕ್ಕೆ ಹೋದವನು ಟೇಪು ಹಿಡಿಯಲು ಕೆರಿಡ್ಜ್‌ನನ್ನೇ ಕರೆದ.

"ಗೂಟ ಹೊಡೆದುಕೊಡ್ತೀನಿ," ಎಂದ ಕೆರಿಡ್ಜ್. "ಮುಳ್ಳುಕಂಟಿ ಕಡಿದು ದಾರಿ ಮಾಡ್ತೀನಿ. ಟೇಪು ಹಿಡಿಯಲ್ಲ."

"ಹೆದರಿಕೆನಾ?"

"ಹೂಂ."

ಆರಡಿ ಎತ್ತರ, ಹೋರಿಯನ್ನು ಮೂಗುದಾರ ಹಿಡಿದು ಕೂರಿಸುವ ಗಂಡಸು. ಅವನು ನಾಚಿಕೆಯಿಲ್ಲದೆ ಹೂಂ ಎಂದದ್ದನ್ನು ಡೆನ್ಝಿಲ್‌ಗೆ ನಂಬಲಾಗಲಿಲ್ಲ. ಹೆದರದ ಮನುಷ್ಯ ಹೆದರಿಕೆ ಅಂತ ಹೇಳಿದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದೇ ಅರ್ಥ, ಎಂದು ಅವನೇ ಆಮೇಲೆ ನನ್ನೆದುರು ಬಿಡಿಸಿ ಹೇಳಿದ. ಊರಲ್ಲಿ ಇನ್ನೂ ನಾಲ್ಕು ಮನೆಯ ಬಾಗಿಲು ತಟ್ಟಿದ. ಒಬ್ಬನಿಗೆ ಸೊಂಟ ನೋವು, ಒಬ್ಬನಿಗೆ ಹಂದಿ ಕೊಯ್ಯುವ ಕೆಲಸ. ಎಲ್ಲರೂ ಕೆರಿಡ್ಜ್‌ನ ಕಡೆಯವರೇ ಎಂದುಕೊಂಡ. ಕೊನೆಗೆ ಟೇಪಿನ ಇನ್ನೊಂದು ತುದಿ ಹಿಡಿಯಲು ಸಿಕ್ಕಿದ್ದು ಮ್ಯೂರಿಯಲ್.

ದೊಡ್ಡಮನೆ ಬಿದ್ದು ಹೋಗಿ ಎಷ್ಟೋ ಕಾಲವಾಗಿದೆ. ಉಳಿದಿರುವುದು ನಾಲ್ಕೂ ಕಡೆ ನೀರು ಸುತ್ತಿದ ಚೌಕದ ದಿಬ್ಬ, ಹುಲ್ಲು ಮುಚ್ಚಿದ ಗೋಡೆಗುರುತುಗಳು, ಆಚೆಗೆ ಮೀನು ಸಾಕುತ್ತಿದ್ದ ಹೊಂಡಗಳ ತಗ್ಗು. ಉತ್ತರಕ್ಕೆ ಮಾತ್ರ ದಿಬ್ಬಕ್ಕೆ ಹೋಗಲು ಕಿರಿದಾದ ಮಣ್ಣಿನ ದಾರಿ. ಮ್ಯೂರಿಯಲ್ ಆ ದಾರಿಯಲ್ಲಿ ದಿಬ್ಬಕ್ಕೆ ಹೋಗಿ ಪೂರ್ವದ ದಡದ ಗೂಟದ ಬಳಿ ನಿಂತಳು. ಡೆನ್ಝಿಲ್ ಹೊರದಡದ ಗೂಟದ ಬಳಿ. ನಡುವೆ ಕಪ್ಪು ನೀರು, ಕೊಳೆತ ಎಲೆ. ಸೀಸದ ಗುಂಡು ಕಟ್ಟಿದ ಟೇಪಿನ ತುದಿಯನ್ನು ಅವನು ಆಚೆ ಎಸೆದ. ತುದಿ ಗೂಟಕ್ಕೆ ಸರಿಯಾಗಿ ಹಿಡಿದಾದ ಮೇಲೆ ಎರಡು ಸಲ ಜಗ್ಗಬೇಕು ಎಂದು ಅವರಿಬ್ಬರ ಸಂಕೇತ. ಜಗ್ಗಿದಳು. ಎರಡು ಸಲ. ಅವನು ಓದಿದ. ಮೂವತ್ತಾರು ಅಡಿ.

"ಮೂವತ್ತಾರು, ಮಿಸೆಸ್ ಬೊರೆಟ್!" ಎಂದು ಸಂಜೆ ಊಟಕ್ಕೆ ಕೂತವನು ಕೂಗಿದ. "ನಿಮ್ಮ ಸಿಸ್ಲಿ ಬರಲೇ ಇಲ್ಲ. ಬಿಡುವಿರಲಿಲ್ಲವೋ ಏನೋ!"

ಪುಡಿಂಗಿನ ಸೀದ ಭಾಗ ನೋಡಿ ಅವನಿಗೆ ಬಡಿಸಿದೆ. ಮ್ಯೂರಿಯಲ್ ಊಟವಾದ ಮೇಲೆ ಒಲೆಯ ಬಳಿ ಬಂದು ಕೈ ಕಾಯಿಸುತ್ತ ಕೂತಳು.

"ಅಲ್ಲಿ ಒಂಥರಾ ವಾಸನೆ, ಮಿಸೆಸ್ ಬೊರೆಟ್. ಕೊಳಚೆ ವಾಸನೆ ಅಲ್ಲ. ಕೊಬ್ಬಿನ ದೀಪ ಆರಿಸಿದಾಗ ಬರುತ್ತಲ್ಲ, ಹಾಗೆ."

ಅವಳ ಬೆರಳು ಉಜ್ಜಿದೆ. ಒಲೆಯ ಮುಂದೆ ಅಷ್ಟು ಹೊತ್ತು ಕೂತರೂ ಬಿಸಿ ಹತ್ತಿರಲಿಲ್ಲ.

ಮರುದಿನ ಅದೇ ಅಳತೆ ಮತ್ತೆ. ಎರಡು ಸಲ ಅಳೆಯದೆ ಬರೆದುಕೊಳ್ಳುವುದು ಅವರ ಕಸುಬಿನಲ್ಲಿ ಇಲ್ಲವಂತೆ. ಟೇಪು ಎಸೆದ. ಸ್ವಲ್ಪ ಹೊತ್ತಿಗೆ ಟೇಪು ಬಿಗಿಯಾಯಿತು. ಜಗ್ಗಿತು. ಒಂದು, ಎರಡು, ಮೂರು. ಅವನು ಓದಿದ. ಮೂವತ್ತಮೂರು.

"ಮೂರು ಸಲ ಯಾಕೆ ಜಗ್ಗಿದೆ? ಎರಡು ಅಂತ ಹೇಳಿಲ್ವಾ? ಗೂಟದ ಹತ್ತಿರ ಹಿಡಿದಿದ್ದೀಯಾ ಸರಿಯಾಗಿ?"

"ಏನಂದೆ?" ಮ್ಯೂರಿಯಲ್‌ಳ ದನಿ ಬಂದದ್ದು ಗೂಟದ ಕಡೆಯಿಂದ ಅಲ್ಲ, ದಿಬ್ಬದ ನಡುವಿನ ಹಾಥಾರ್ನ್ ಮುಳ್ಳುಮರದ ಬುಡದಿಂದ. ಕೈಯಲ್ಲಿ ಚಹಾದ ಫ್ಲಾಸ್ಕು. "ತಾಳು ಡೆನ್, ನಾನಿನ್ನೂ ತುದಿ ಎತ್ತಿಕೊಂಡೇ ಇಲ್ಲ."

ಅವನ ಕೈಯಲ್ಲಿ ಟೇಪು ಸಡಿಲವಾಗಿ ಇಳಿದು ನೀರಿಗೆ ತಾಗಿತು.

ಇನ್ನೊಬ್ಬನಾದರೆ ಅಲ್ಲಿಗೇ ಗೂಟ ಕಿತ್ತು ಮನೆಗೆ ಬರುತ್ತಿದ್ದ. ಇವನು ಮೊದಲು ಗೂಟವನ್ನು ಅನುಮಾನಿಸಿದ, ರಾತ್ರಿ ಕೆರಿಡ್ಜ್ ಬಂದು ಸರಿಸಿದ್ದಾನೆ ಎಂದು. ಹತ್ತಿರದ ಓಕ್ ಮರದಿಂದ ಅಳೆದು ನೋಡಿದ. ಗೂಟ ಕೂದಲಷ್ಟೂ ಸರಿದಿರಲಿಲ್ಲ. ಆಮೇಲೆ ನೀರಿನೊಳಗೆ ಯಾರೋ ದಾರ ಕಟ್ಟಿ ಎಳೆಯುತ್ತಿದ್ದಾರೆ ಎಂದ. ಉದ್ದ ಕೋಲಿನಿಂದ ತಡಕಾಡಿದ. ಎದೆಮಟ್ಟದ ನೀರು, ಕೆಸರು, ಬೇರು. ಕೊನೆಗೆ ಸಂಜೆ ಬಂದು ನನ್ನನ್ನೇ ಕೇಳಿದ.

"ಬೆಳಿಗ್ಗೆ ಹಾಸಿಗೆ ಸರಿಮಾಡೋಕೆ ಅಂತ ನಮ್ಮ ಕೋಣೆಗೆ ಹೋಗಿದ್ರಲ್ಲ, ನನ್ನ ಟೇಪು ಮುಟ್ಟಿದ್ರಾ? ಯಾರಾದ್ರೂ ಬೇರೆ ಟೇಪು ತಂದು ಇಡೋಕೆ ಹೇಳಿದ್ರಾ?"

"ನಲವತ್ತು ವರ್ಷದಿಂದ ಮನೆ ನಡೆಸ್ತಿದ್ದೀನಿ!" ಎಂದು ಕೂಗಾಡಿಬಿಟ್ಟೆ. "ಬಿಷಪ್ ಬಂದು ಮಲಗಿ ಹೋಗಿದ್ದಾರೆ ಆ ಹಾಸಿಗೆಲಿ! ಒಂದು ಚಮಚ ಕಳೆದಿಲ್ಲ ನನ್ನ ಮನೇಲಿ. ಬಾಯಿಗೆ ಬಂದ ಹಾಗೆ ಮಾತಾಡಿದ್ರೆ ಈಗಲೇ ಪೆಟ್ಟಿಗೆ ಎತ್ಕೊಂಡು ನಡೀರಿ!"

ಅವನನ್ನು ಅವತ್ತೇ ಹೊರಗೆ ಹಾಕಬೇಕಿತ್ತು. ಮ್ಯೂರಿಯಲ್ ಮೆಟ್ಟಿಲ ಮೇಲೆ ನಿಂತು ಕಣ್ಣಲ್ಲೇ ಬೇಡಿಕೊಂಡಳು. ಪೆಟ್ಟಿಗೆಯ ಮಾತು ಬಿಟ್ಟು ಊಟ ಬಡಿಸಿದೆ.

ಮೂರನೆಯ ದಿನ ನವೆಂಬರ್ ಹನ್ನೊಂದು. ಬೆಳಗಿನಿಂದ ಮಂಜು. ಅವಳು ಅಡುಗೆಮನೆಯ ಬಾಗಿಲನ್ನು ಎರಡು ಸಲ ತಟ್ಟಿ ಒಳಗೆ ಬಂದಳು.

"ಇವತ್ತು ಅವರನ್ನು ಹಿಡೀತಾನಂತೆ. ಕೆರಿಡ್ಜ್ ಏನು ಮಾಡ್ತಾನೆ ಅಂತ ಕಣ್ಣಾರೆ ನೋಡ್ತಾನಂತೆ. ನಾನು ಮಾಮೂಲಿನ ಹಾಗೆ ತುದಿ ಹಿಡಿದು ನಿಲ್ಲಬೇಕಂತೆ."

"ಹೋಗಬೇಡ ಮಗಳೇ. ತಲೆನೋವು ಅನ್ನು."

"ಹೇಳಿದೆ. ನೀನೂ ಅವರ ಮಾತು ನಂಬಿದೆಯಾ ಅಂದ. ಅವನು ಹಾಗೆ ನೋಡಿದಾಗ ನನಗೆ ತಡಕೊಳ್ಳೋಕಾಗಲ್ಲ, ಮಿಸೆಸ್ ಬೊರೆಟ್."

ಹೆಗಲು ಹಿಡಿದು ಕುರ್ಚಿಯಲ್ಲಿ ಕೂರಿಸಿ ಬಾಗಿಲು ಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ನನ್ನ ಬೂದುಬಣ್ಣದ ಉಣ್ಣೆಯ ಕೈಗವಸು ತಂದು ಅವಳ ಕೈಗೆ ತೊಡಿಸಿದೆ. "ಹೋಗಲೇಬೇಕು ಅಂದ್ರೆ ಒಂದು ಮಾತು ನೆನಪಿಟ್ಟುಕೋ. ಏನಾದ್ರೂ ಆಗಲಿ, ಟೇಪು ಬಿಡಬೇಡ. ಮಣಿಕಟ್ಟಿಗೆ ಎರಡು ಸುತ್ತು ಬಿಗಿಯಾಗಿ ಸುತ್ತಿಕೋ," ಎಂದೆ. ಈ ಮಾತನ್ನು ನಾನೇ ಹೇಳಿದೆ, ನನ್ನ ಬಾಯಿಂದಲೇ ಹೇಳಿದೆ. ಬಿಡುವವನು ಅವಳಲ್ಲ, ಈಚೆ ತುದಿಯಲ್ಲಿರುವವನು ಎಂಬುದು ನನ್ನ ಮಂಕು ಬುದ್ಧಿಗೆ ಹೊಳೆಯಲಿಲ್ಲ.

ಮಧ್ಯಾಹ್ನ ಮೂರು ಗಂಟೆ. ಅಷ್ಟು ಹೊತ್ತಿಗೇ ಬೆಳಕು ಮಾಸಿತ್ತು. ಮಂಜಿನಲ್ಲಿ ದಿಬ್ಬ ಅರ್ಧ ಕಾಣುತ್ತಿತ್ತು, ಮ್ಯೂರಿಯಲ್ ಅದಕ್ಕಿಂತ ಕಡಿಮೆ. ಕಾಗೆಗಳು ಸುಮ್ಮನಿದ್ದವು. ಕೊಬ್ಬಿನ ದೀಪದ ವಾಸನೆ ಇವತ್ತು ಡೆನ್ಝಿಲ್‌ನ ಮೂಗಿಗೂ ಬಡಿಯಿತು. ಕೆರಿಡ್ಜ್ ಎಲ್ಲೋ ಸೌದೆ ಸುಡುತ್ತಿದ್ದಾನೆ ಎಂದುಕೊಂಡು ಟೇಪು ಎಸೆದ.

"ಸಿಕ್ಕಿತಾ?"

"ಸಿಕ್ಕಿತು. ಹಿಡಿದಿದ್ದೀನಿ."

ಟೇಪು ಬಿಗಿಯಾಯಿತು. ಜಗ್ಗಿತು. ಒಂದು. ಎರಡು. ಮೂರು.

ಮೂವತ್ತು ಅಡಿ.

"ಮತ್ತೆ ಮೂರು ಸಲ! ಏನು ಆಟ ಆಡ್ತಿದ್ದೀಯಾ?"

"ನಾನು ಜಗ್ಗಲಿಲ್ಲ ಡೆನ್. ನೀನೇ ಅಲ್ವಾ ಎಳೀತಿರೋದು? ಮೆಲ್ಲಗೆ ಎಳಿ, ಕೈ ನೋಯ್ತಿದೆ."

ಅವನು ಎಳೆಯುತ್ತಿರಲಿಲ್ಲ. ಅವನ ಕೈಯೂ ಮುಂದಕ್ಕೆ ಹೋಗುತ್ತಿತ್ತು. ಆಗ ಕಂಡ. ದಡದಿಂದ ದಡಕ್ಕೆ ನೇರ ನಿಲ್ಲಬೇಕಾದ ಟೇಪು ನಡುವಿನಲ್ಲಿ ಬಾಗಿ ನೀರಿನೊಳಕ್ಕೆ ಇಳಿದಿತ್ತು. ಎರಡೂ ದಡದಿಂದ ಇಳಿಜಾರಾಗಿ ಒಂದೇ ಕಡೆಗೆ. ಅಲ್ಲಿ ಗುಳ್ಳೆ ಏಳುತ್ತಿದ್ದವು. ಒಂದೊಂದಾಗಿ. ಯಾರೋ ಕೆಳಗೆ ಕೂತು ಉಸಿರು ಬಿಡುವ ಹಾಗೆ.

"ಡೆನ್, ಬಿಡಬೇಡ. ನನ್ನ ಕೈಗೆ ಸುತ್ತಿಕೊಂಡಿದೆ. ಬಿಚ್ಚೋಕೆ ಬರ್ತಿಲ್ಲ. ಡೆನ್!"

"ಬಿಡಲ್ಲ! ಕಾಲು ಊರಿ ನಿಲ್ಲು!"

ಅಂಗೈ ಕೊಯ್ಯುತ್ತಿತ್ತು. ಬೂಟು ಕೆಸರಿನಲ್ಲಿ ಜಾರಿತು. ಹಿಮ್ಮಡಿ ಊರಿದ. ಎಳೆದ. ಟೇಪು ಒಂದಡಿ ಬಂತು. ಇನ್ನೊಂದಡಿ. ಬರುತ್ತಿತ್ತು! ಅವನು ಗೆಲ್ಲುತ್ತಿದ್ದ. ಇದನ್ನು ಅವನು ನನಗೆ ಎಷ್ಟು ಸಲ ಹೇಳಿದ್ದಾನೋ. ಬರುತ್ತಿತ್ತು ಮಿಸೆಸ್ ಬೊರೆಟ್, ಬರುತ್ತಿತ್ತು.

ಹಿಂದಿನಿಂದ ಧಡಧಡ ಹೆಜ್ಜೆ ಸದ್ದು. ತಿರುಗಿದ. ಮಂಜಿನಿಂದ ಕೆರಿಡ್ಜ್ ಓಡಿ ಬರುತ್ತಿದ್ದ. ಎರಡೂ ಕೈ ಮುಂದೆ ಚಾಚಿಕೊಂಡು. ಎರಡೂ ತೋಳು ಮೊಣಕೈಯವರೆಗೆ ಒದ್ದೆ.

ಒದ್ದೆ ತೋಳು.

ನೀರೊಳಗೆ ಕೈ ಹಾಕಿದ್ದು ಇವನೇ. ದಾರ ಕಟ್ಟಿದ್ದು ಇವನೇ. ಮೂರು ದಿನದಿಂದ ಹುಡುಕಿದ್ದು ಕಣ್ಣೆದುರಿಗೆ ನಿಂತಿತ್ತು. ಡೆನ್ಝಿಲ್‌ನ ಮೈಯೊಳಗೆ ಸಂತೋಷವೇ ಹರಿಯಿತಂತೆ.

"ಸಿಕ್ಕಿಬಿದ್ದೆಯಾ ಕಳ್ಳ!" ಎಂದು ಕೂಗಿ, ಎರಡೂ ಕೈಯಿಂದ ಕೆರಿಡ್ಜ್‌ನ ಕೊರಳಪಟ್ಟಿ ಹಿಡಿದ.

ಎರಡೂ ಕೈಯಿಂದ.

ಹುಲ್ಲಿನ ಮೇಲೆ ಟೇಪು ಸರಕ್ಕನೆ ಹರಿದುಹೋದ ಸದ್ದು. "ಡೆ" ಎಂಬ ಅರ್ಧ ಕೂಗು. ಆಮೇಲೆ ಏನೂ ಇಲ್ಲ. ನೀರಿಗೆ ಏನೋ ಬಿದ್ದ ಸದ್ದು ಕೂಡ ಇಲ್ಲ. ನೀರು ಅಲುಗಲಿಲ್ಲ. ಎಲೆಗಳು ಇದ್ದಲ್ಲೇ ಇದ್ದವು.

ಕೆರಿಡ್ಜ್ ಅವನ ಕೈ ಬಿಡಿಸಿಕೊಳ್ಳಲೂ ಇಲ್ಲ. ಬೀಟ್‌ಗೆಡ್ಡೆ ಕೀಳುತ್ತಿದ್ದವನು, ಇಡೀ ದಿನ ಒದ್ದೆ ಎಲೆಯೊಳಗೆ ಕೈ ಹಾಕಿದ್ದವನು, ದಡದ ಕೂಗು ಕೇಳಿ ಓಡಿಬಂದಿದ್ದ. ಉಸಿರು ಸಿಕ್ಕಿದ ಮೇಲೆ ಒಂದೇ ಮಾತು ಹೇಳಿದ.

"ನಿಮ್ಮ ಜೊತೆ ಟೇಪು ಹಿಡಿಯೋಕೆ ಬಂದೆ ಸಾರ್."

ಪಟ್ಟಣದಿಂದ ಪೊಲೀಸರು ಬಂದು ಉದ್ದ ಕೋಲು ಹಿಡಿದು ನೀರನ್ನೆಲ್ಲ ಜಾಲಾಡಿದರು. ಎದೆಮಟ್ಟದ ನೀರಿನಲ್ಲಿ ಒಬ್ಬ ಹೆಂಗಸು ಸಿಗಲಿಲ್ಲ. ದಿಬ್ಬದ ದಡದಲ್ಲಿ ನನ್ನ ಬೂದು ಕೈಗವಸು ಒಂದು ಬಿದ್ದಿತ್ತು, ಎಡಗೈಯದು, ಒಣಗಿದ್ದು. ಮೂರನೆಯ ದಿನ ಟೇಪು ತಾನಾಗಿಯೇ ಮೇಲೆ ಬಂತು. ಅದಕ್ಕೆ ಮೂರು ಗಂಟು ಬಿದ್ದಿದ್ದವು. ಗಂಟಿನೊಳಗೆ ಕೂದಲು. ಮ್ಯೂರಿಯಲ್‌ಳ ಕಪ್ಪು ಕೂದಲಲ್ಲ, ಕೆಂಚು.

ಅಲ್ಲಿಗೆ ಅನುಮಾನದ ಮುಖ ಡೆನ್ಝಿಲ್‌ನ ಕಡೆಗೇ ತಿರುಗಿತು. ಎಂಟು ತಿಂಗಳ ಹೆಂಡತಿ, ಒಂಟಿ ಜಾಗ, ಕೈಯಲ್ಲಿ ಕೊಯ್ದ ಗಾಯ. ಪೊಲೀಸ್ ಅಧಿಕಾರಿ ನನ್ನ ಅಡುಗೆಮನೆಯಲ್ಲೇ ಕೂತು ಅವನನ್ನು ಎಂಟು ದಿನ ಬೆಂಡೆತ್ತಿದ. ಆಗಲೂ ಇವನು, "ಕೆರಿಡ್ಜ್‌ನ ಹಿಡೀರಿ" ಎನ್ನುತ್ತಿದ್ದ. ಅದೇ ಕೆರಿಡ್ಜ್ ಟೋಪಿ ತೆಗೆದು ನಿಂತು, "ಇವರು ಅವಳನ್ನು ತಳ್ಳಲಿಲ್ಲ. ಟೇಪು ಬಿಟ್ಟರು, ಅಷ್ಟೆ," ಎಂದು ಸಾಕ್ಷಿ ಹೇಳಿದ್ದಕ್ಕೆ ಇವನು ಉಳಿದ. ಕೆಲಸ ಹೋಯಿತು. ಪತ್ರಿಕೆಯಲ್ಲಿ ಅವನ ಚಿತ್ರ ಬಂತು. ಬೀದಿಯಲ್ಲಿ ತಾಯಂದಿರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರಂತೆ.

ಮುಂದಿನ ನವೆಂಬರ್ ಬಂದಾಗ ಅವನು ನನ್ನ ಬಾಗಿಲಲ್ಲಿ ನಿಂತಿದ್ದ. ಕೂದಲು ಬೆಳ್ಳಗಾಗಿತ್ತು. ಸಿಟ್ಟಿತ್ತು ನನಗೆ, ನಿಜ. ಆದರೆ ನನ್ನ ಕೈಯೇನು ಸ್ವಚ್ಛವೇ? ಕೋಣೆ ಕೊಟ್ಟೆ. ಹನ್ನೊಂದನೇ ತಾರೀಕು ಮೂರು ಗಂಟೆಗೆ ಒಬ್ಬನೇ ಕಂದಕಕ್ಕೆ ಹೋದ. ಆಚೆ ತುದಿ ಹಿಡಿಯಲು ಯಾರನ್ನೂ ಕರೆಯಲಿಲ್ಲ. ಸಂಜೆ ಬಂದಾಗ ಅವನ ಮುಖದಲ್ಲಿ ಬೆಳಕಿತ್ತು.

"ಹಿಡಿದಿದ್ದಾಳೆ, ಮಿಸೆಸ್ ಬೊರೆಟ್. ಟೇಪು ಬಿಗಿಯಾಯ್ತು. ಇಪ್ಪತ್ತೇಳು ಅಡಿ. ಹತ್ತಿರ ಬಂದಿದ್ದಾಳೆ."

ಆ ಮೊದಲ ವರ್ಷದ ನಂತರ ಬೇರೆ ದಿನ ಎಸೆದರೆ ಟೇಪು ಸುಮ್ಮನೆ ಮುಳುಗುತ್ತಿತ್ತು. ಆ ಒಂದು ದಿನ ಮಾತ್ರ ಬಿಗಿಯಾಗುತ್ತಿತ್ತು. ಪ್ರತಿ ವರ್ಷ ಬಂದ. ಇಪ್ಪತ್ನಾಲ್ಕು. ಇಪ್ಪತ್ತೊಂದು. ಹದಿನೆಂಟು. ವರ್ಷಕ್ಕೆ ಮೂರಡಿ. ಆ ದಿನವೆಲ್ಲ ಕೆರಿಡ್ಜ್ ದೂರದಲ್ಲಿ ಬೀಟ್ ಹೊಲದಲ್ಲಿ ನಿಂತು ಕಾಯುತ್ತಿದ್ದ. ಅವನು ಕಂದಕ ಮುಚ್ಚಲಿಲ್ಲ. ಹಳದಿ ಯಂತ್ರ ಕಾಲುವೆ ತೋಡಿ ಹೋಯಿತು. ಸುತ್ತಲಿನ ಊರಿನ ಕಂದಕಗಳೆಲ್ಲ ಹೊಲವಾದವು. ಇದೊಂದು ಉಳಿಯಿತು.

ಒಂಬತ್ತನೆಯ ವರ್ಷ ಅವನು ಮೂರೇ ಅಡಿ ಉಳಿಯಿತೆಂದು ಹೇಳಿದಾಗ, ಅಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಎಷ್ಟು ಸಲ ಜಗ್ಗುತ್ತೆ?"

"ಮೂರು ಸಲ. ಯಾಕೆ?"

"ಮ್ಯೂರಿಯಲ್ ಯಾವತ್ತೂ ಎರಡೇ ಸಲ ಜಗ್ಗುತ್ತಿದ್ದಳು."

ಅವನ ಕಣ್ಣು ಮತ್ತೆ ಸಣ್ಣದಾಯಿತು, ಮೊದಲ ದಿನದ ಹಾಗೆಯೇ. "ನೀವೆಲ್ಲ ಸೇರಿ ಅವಳನ್ನ ನನ್ನಿಂದ ದೂರ ಇಡಬೇಕು ಅಂತಿದ್ದೀರಾ," ಎಂದ. ಊಟ ಬಿಟ್ಟು ಎದ್ದುಹೋದ. ಊರನ್ನೆಲ್ಲ ಅನುಮಾನಿಸಿದವನಿಗೆ ಆ ನೀರಿನೊಳಗಿನ ಕೈಯ ಮೇಲೆ ಮಾತ್ರ ಒಂದು ಚೂರೂ ಅನುಮಾನ ಬರಲಿಲ್ಲ.

ಹೋದ ನವೆಂಬರ್ ಹತ್ತನೆಯ ವರ್ಷ. ಬೆಳಿಗ್ಗೆ ಅವನು ಮ್ಯೂರಿಯಲ್‌ಳ ಹಳೆಯ ಕೋಟನ್ನು ತಂದು ನನ್ನ ಒಲೆಯ ಮುಂದಿನ ಕುರ್ಚಿಗೆ ಹಾಕಿದ. "ಬೆಚ್ಚಗಾಗಿರಲಿ. ಬಂದಾಗ ಅವಳಿಗೆ ಚಳಿ ಆಗಿರುತ್ತೆ," ಎಂದು ಹೇಳಿ ಹೋದ.

ನಾಲ್ಕೂವರೆಗೆ ದೀಪ ಹಚ್ಚಿದೆ. ಐದು ಹೊಡೆಯಿತು. ಓಣಿಯಲ್ಲಿ ಹೆಜ್ಜೆ ಸದ್ದು ಕೇಳಿತು. ಬೂಟಿನ ಹೆಜ್ಜೆ. ಅದರ ಪಕ್ಕದಲ್ಲಿ ಇನ್ನೊಂದು. ಬರಿಗಾಲು. ಒದ್ದೆ. ಎದ್ದುಹೋಗಿ ಬಾಗಿಲಿಗೆ ಚಿಲಕ ಹಾಕಿದೆ. ಬಾಗಿಲ ಸಂದಿಯಿಂದ ವಾಸನೆ ಒಳಗೆ ಬಂತು. ಕೊಬ್ಬಿನ ದೀಪ ಆರಿಸಿದ ವಾಸನೆ.

"ಮಿಸೆಸ್ ಬೊರೆಟ್, ತೆಗೀರಿ. ಕರ್ಕೊಂಡು ಬಂದೆ."

"ಅವಳೇ ತಟ್ಟಲಿ," ಎಂದೆ.

ಆಮೇಲೆ ಬಾಗಿಲ ಮೇಲೆ ಸದ್ದು. ಮೆಲ್ಲಗೆ. ಒಂದು.

ಎರಡು.

ದೇವರೇ, ಇಲ್ಲಿಗೇ ನಿಲ್ಲಿಸಪ್ಪ, ಎಂದು ಬೇಡಿಕೊಂಡೆ. ಚಿಲಕದ ಮೇಲೆ ನನ್ನ ಕೈ ಇತ್ತು. ಮಗಳೇ, ಇಷ್ಟೇ ಸಾಕು, ತೆಗೀತೀನಿ.

ಮೂರು.

ಕೈ ಹಿಂದಕ್ಕೆ ತೆಗೆದುಕೊಂಡೆ.

"ಯಾಕೆ ತೆಗೀತಿಲ್ಲ?" ಡೆನ್ಝಿಲ್ ಅಳುತ್ತಿದ್ದ. "ನಡುಗ್ತಿದ್ದಾಳೆ. ಕೈಯೇ ನಿಲ್ತಿಲ್ಲ ಇವಳದ್ದು. ಯಾಕಿಷ್ಟು ಅನುಮಾನ ನಿಮಗೆ?"

ನಾನು ತೆಗೆಯಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತೆ. ಎಷ್ಟು ಹೊತ್ತಿಗೋ ಹೆಜ್ಜೆ ಸದ್ದು ಓಣಿಯಲ್ಲಿ ಹಿಂದಕ್ಕೆ ಹೋಯಿತು, ಎರಡೂ ಜೊತೆಯಾಗಿ.

ಬೆಳಿಗ್ಗೆ ಕೆರಿಡ್ಜ್ ಬಂದ. ಟೋಪಿ ಕೈಯಲ್ಲಿತ್ತು. ಪೂರ್ವದ ಕಂದಕದ ಮೇಲೆ ಟೇಪು ದಡದಿಂದ ದಡಕ್ಕೆ ನೆಟ್ಟಗೆ ನಿಂತಿದೆ ಎಂದ. ಗೂಟಕ್ಕೆ ಕಟ್ಟಿಲ್ಲ. ಯಾರೂ ಹಿಡ್ಕೊಂಡಿಲ್ಲ. ಡೆನ್ಝಿಲ್ ಎಲ್ಲೂ ಇಲ್ಲ.

"ಮುಟ್ಟಿದೆಯಾ?" ಎಂದು ಕೇಳಿದೆ.

"ಇಲ್ಲ," ಎಂದ. ಆಮೇಲೆ ಬಗ್ಗಿ ನನ್ನ ಹೊಸ್ತಿಲ ಬಳಿಯಿಂದ ಏನನ್ನೋ ಎತ್ತಿಕೊಟ್ಟ. "ಇದು ನಿನ್ನದಾ ಐಡಾ?"

ಬೂದು ಉಣ್ಣೆಯ ಕೈಗವಸು. ಬಲಗೈಯದು. ಒದ್ದೆಯಾಗಿ ಭಾರವಾಗಿತ್ತು. ಮಣಿಕಟ್ಟಿನಲ್ಲಿ ಎರಡು ಸುತ್ತು ಬಿಗಿದ ಗುರುತು ಅಚ್ಚೊತ್ತಿತ್ತು.

ಅದು ಸಿಸ್ಲಿಯೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಮೂರು ಸಲ ಅಂದರೆ ಸಿಸ್ಲಿ. ಆದರೆ ಹತ್ತು ವರ್ಷ ಆ ನೀರಿನಲ್ಲಿ ನೆನೆದ ಹುಡುಗಿಯ ಕೈ ಚಳಿಗೆ ನಡುಗಿ, ಎರಡು ತಟ್ಟಲು ಹೋಗಿ ಮೂರು ತಟ್ಟಿದ್ದರೆ? ಚಿಲಕದ ಮೇಲೆ ಕೈಯಿಟ್ಟು ನಿಂತವಳು ನಾನು. ಒಂದು ಗಳಿಗೆ ಅನುಮಾನ ಬಂತು, ಕೈ ತೆಗೆದುಬಿಟ್ಟೆ. ಅವಳ ಕೋಟು ಇನ್ನೂ ಒಲೆಯ ಮುಂದಿನ ಕುರ್ಚಿಯ ಮೇಲೇ ಇದೆ. ದಿನಾ ಸಂಜೆ ಅದನ್ನು ಮಗ್ಗುಲು ಬದಲಿಸಿ ಕಾಯಿಸುತ್ತೇನೆ.